ಫರಸಿ ನಾಡಿನ ಸೂರು: ತಂಪಿನ ನಂಬಿಕೆಗಳು ಮತ್ತು ವಾಸ್ತವ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆಯ ಸಂಗತಿಯಾಗಿದ್ದು, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ಪದ್ಧತಿ ರೂಢಿಯಲ್ಲಿದೆ. ನೆತ್ತಿಯ ಮೇಲಿನ ಸೂರ್ಯನಿಗೆ ಗೋಡೆಗಿಂತ ಚಾವಣಿಯೇ ಹೆಚ್ಚಾಗಿ ಒಡ್ಡಿಕೊಳ್ಳುವುದರಿಂದ, ಒಂದಂತಸ್ತಿನ ಮನೆಯೊಳಕ್ಕೆ ಶಾಖ ಬರುವ ಮುಖ್ಯ ದಾರಿ ಅದೇ. ಆದರೆ ಹಳೆಯ ಸೂರನ್ನು ದುರಸ್ತಿ ಮಾಡಿಸುವಾಗ ಯಾವ ವಸ್ತುವನ್ನು ಬಳಸಬೇಕೆಂಬ ಪ್ರಶ್ನೆಗೆ ಲೆಕ್ಕಾಚಾರಕ್ಕಿಂತ ಕೇಳಿ ತಿಳಿದ ಮಾತುಗಳೇ ಉತ್ತರವಾಗುತ್ತವೆ.

ಈ ಗೊಂದಲದ ಮೂಲದಲ್ಲಿ ಮೂರು ಬೇರೆ ಬೇರೆ ಗುಣಗಳನ್ನು ಒಂದೇ ಎಂದು ಭಾವಿಸುವ ರೂಢಿಯಿದೆ. ಶಾಖ ದಾಟದಂತೆ ತಡೆಯುವುದು ಉಷ್ಣರೋಧ; ಶಾಖವನ್ನು ಹೀರಿಟ್ಟುಕೊಂಡು ತಡವಾಗಿ ಬಿಡುವುದು ಉಷ್ಣಸಂಚಯ; ಬಿದ್ದ ಬಿಸಿಲನ್ನು ಮರಳಿ ಆಕಾಶಕ್ಕೆ ಕಳಿಸುವುದು ಪ್ರತಿಫಲನ. ಥರ್ಮಾಕೋಲಿಗೆ ಮೊದಲನೆಯದು, ಕಲ್ಲು ಮಣ್ಣುಗಳಿಗೆ ಎರಡನೆಯದು, ಸುಣ್ಣಕ್ಕೆ ಮೂರನೆಯದು ಸಲ್ಲುತ್ತದೆ.

“ಶಹಾಬಾದ ಕಲ್ಲು ತಂಪು, ಆದ್ದರಿಂದ ಸೂರಿಗೂ ಅದೇ ಒಳ್ಳೆಯದು”

ಭೀಮಾ ಜಲಾನಯನದ ಸುಣ್ಣಕಲ್ಲು ಪದರ ಪದರವಾಗಿ ಸುಲಭವಾಗಿ ಏಳುವುದರಿಂದ, ಗಣಿಯಿಂದ ತೆಗೆದ ಚಪ್ಪಡಿಯನ್ನು, ಅಂದರೆ ಫರಸಿ ಅಥವಾ ಶಹಾಬಾದ ಕಲ್ಲನ್ನು, ಈ ಭಾಗದಲ್ಲಿ ನೆಲಕ್ಕೂ ಗೋಡೆಗೂ ಚಾವಣಿಗೂ ಬಳಸಲಾಗಿದೆ. ಸಿಮೆಂಟಿನ ಕಾರ್ಖಾನೆಗಳು ವಾಡಿ, ಸೇಡಂ, ಮಳಖೇಡಗಳಲ್ಲಿ ನೆಲೆಯೂರಿದ್ದೂ ಇದೇ ಸುಣ್ಣಕಲ್ಲಿನಿಂದ. ಫರಸಿಯ ನೆಲ ಬರಿಗಾಲಿಗೆ ತಂಪೆನಿಸುವುದು ನಿಜ, ಆದರೆ ಆ ತಂಪಿಗೆ ಕಾರಣ ಕಲ್ಲು ಪಾದದ ಶಾಖವನ್ನು ಬೇಗನೆ ಎಳೆದುಕೊಳ್ಳುವುದು, ಅಂದರೆ ಅದು ಶಾಖವನ್ನು ಚೆನ್ನಾಗಿ ದಾಟಿಸುವ ವಸ್ತುವಾಗಿರುವುದು. ನೆಲದಲ್ಲಿ ಹಿತವಾಗುವ ಇದೇ ಗುಣ ಚಾವಣಿಯಲ್ಲಿ ಅಹಿತವಾಗುತ್ತದೆ. ಎರಡು ಅಂಗುಲದ ಫರಸಿಯೊಂದೇ ಸೂರಾದರೆ, ಮಧ್ಯಾಹ್ನದ ಬಿಸಿಲು ಹೆಚ್ಚು ತಡೆಯಿಲ್ಲದೆ ಒಳಗಿಳಿಯುತ್ತದೆ. ಹಳೆಯ ಮನೆಗಳ ತಂಪು ಬಂದಿರುವುದು ಕಲ್ಲಿನಿಂದಲ್ಲ, ಅದರ ಮೇಲೆ ಹರಡಿದ ದಪ್ಪ ಮಣ್ಣಿನಿಂದ, ಮೊಳಗಟ್ಟಲೆ ದಪ್ಪದ ಗೋಡೆಗಳಿಂದ ಮತ್ತು ಬಿಸಿಗಾಳಿಯನ್ನು ಮೇಲಕ್ಕೆ ಬಿಡುವ ಬೆಳಕಿಂಡಿಗಳಿಂದ.

ಹೋಲಿಕೆಗೆ ಒಂದು ಲೆಕ್ಕವನ್ನು ಗಮನಿಸಬಹುದು. 50 ಮಿಲಿಮೀಟರ್ ದಪ್ಪದ ಥರ್ಮಾಕೋಲ್ ಹಲಗೆ ತಡೆಯುವಷ್ಟು ಶಾಖವನ್ನು ಕಲ್ಲಿನಿಂದಲೋ ಕಾಂಕ್ರೀಟಿನಿಂದಲೋ ತಡೆಯಬೇಕಾದರೆ ಸುಮಾರು ಎರಡು ಮೀಟರ್ ದಪ್ಪ ಬೇಕಾಗುತ್ತದೆ. ಸ್ಲ್ಯಾಬನ್ನು ಆರು ಅಂಗುಲದಿಂದ ಎಂಟಕ್ಕೆ ಏರಿಸಿದರೆ ಮನೆ ತಂಪಾಗುತ್ತದೆಂಬ ಮಾತು ಇದರಿಂದಲೇ ಬಿದ್ದುಹೋಗುತ್ತದೆ. ಹಾಗೆ ಮಾಡಿದರೆ ಶಾಖ ಕಡಿಮೆಯಾಗುವುದಕ್ಕಿಂತ ತಡವಾಗುವುದೇ ಹೆಚ್ಚು, ಮತ್ತು ಆ ತಡವಾದ ಶಾಖ ಜನ ಮಲಗುವ ಹೊತ್ತಿಗೆ ಒಳಗಿಳಿಯುತ್ತದೆ. ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಹೊರಬಂದ ‘ಇಕೋ ನಿವಾಸ್ ಸಂಹಿತಾ’ ಎಂಬ ಕೇಂದ್ರದ ಇಂಧನ ಸಂಹಿತೆ, ಚಾವಣಿಯ ಒಳಹೊರಗುಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚದರ ಮೀಟರಿಗೆ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಬಾರದೆಂದು ಮಿತಿ ಹಾಕಿದೆ. ಬರಿಯ ಕಾಂಕ್ರೀಟ್ ಸ್ಲ್ಯಾಬಿನಲ್ಲಿ ಈ ಪ್ರಮಾಣ 3ನ್ನು ಮೀರುತ್ತದೆ, ಬರಿಯ ತಗಡಿನಲ್ಲಿ 5ರ ಹತ್ತಿರ ಬರುತ್ತದೆ. ಸ್ಲ್ಯಾಬಿನ ಮೇಲೆ ಒಂದೇ ಅಂಗುಲ ಉತ್ತಮ ಉಷ್ಣರೋಧಕ ಕೂಡಿದರೂ ಅದು ಮಿತಿಯೊಳಗೆ ಇಳಿಯುತ್ತದೆ.

“ಮಾಳಿಗೆಯ ಮೇಲೆ ಮಣ್ಣು ಹೆಚ್ಚಿದಷ್ಟೂ ಒಳ್ಳೆಯದು”

ಎಲ್ಲ ತಪ್ಪು ಕಲ್ಪನೆಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಇದು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಫರಸಿ, ಅದರ ಮೇಲೆ ಬಡಿದು ಗಟ್ಟಿ ಮಾಡಿದ ಮಣ್ಣು, ಇದು ಮಾಳಿಗೆಯ ರಚನೆ. ಮಳೆಗಾಲಕ್ಕೆ ಮುಂಚೆ ಸೋರುವ ಜಾಗಕ್ಕೆ ಹೊಸ ಮಣ್ಣು ಹಾಕುವ ರೂಢಿಯಿದ್ದುದರಿಂದ, ಹಳೆಯದನ್ನು ತೆಗೆಯದೆ ಹೊಸದನ್ನು ಕೂಡಿಸುತ್ತ ಹೋಗಿ ತಲೆಮಾರುಗಳಲ್ಲಿ ಆ ಪದರ ಮೊಳ ದಪ್ಪವಾದ ಮನೆಗಳಿವೆ. ಒಂದು ಅಡಿ ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ, ನೆನೆದಾಗ ಇನ್ನೂ ಹೆಚ್ಚು. ಹತ್ತಡಿ ಅಗಲ, ಹತ್ತಡಿ ಉದ್ದದ ಸಣ್ಣ ಕೋಣೆಯೊಂದರ ಜಂತಿಗಳು ನಾಲ್ಕೂವರೆ ಟನ್ನಿಗೂ ಹೆಚ್ಚು ಭಾರವನ್ನು ಹೊತ್ತಿರುತ್ತವೆ ಎಂದರೆ ಓದುಗರು ತಲೆಯೆತ್ತಿ ಮೇಲೆ ನೋಡುವುದು ಸಹಜ. ಹೆಚ್ಚು ದೂರವಿಲ್ಲದ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸಂಭವಿಸಿದ ಭೂಕಂಪದಲ್ಲಿ ಸಾವಿರಾರು ಜನ ಸತ್ತದ್ದಕ್ಕೆ ಇಂಥ ಭಾರವಾದ ಮಣ್ಣಿನ ಸೂರುಗಳು ಮತ್ತು ಕಟ್ಟಿಲ್ಲದ ಕಲ್ಲುಗೋಡೆಗಳು ಮುಖ್ಯ ಕಾರಣವಾದವು. ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಸುತ್ತ 2021ರ ಅಕ್ಟೋಬರಿನಲ್ಲಿ ಪದೇ ಪದೇ ನೆಲ ನಡುಗಿದಾಗ ಜನ ಮನೆಯೊಳಗೆ ಮಲಗಲು ಹೆದರಿ ಬಯಲಿನಲ್ಲಿ ರಾತ್ರಿ ಕಳೆದದ್ದರ ಹಿಂದೆಯೂ ಈ ಭಯವೇ ಇತ್ತು.

ಹಾಗೆಂದು ಮಣ್ಣನ್ನೆಲ್ಲ ತೆಗೆದು ತಗಡು ಹೊದಿಸುವುದು ಪರಿಹಾರವಲ್ಲ. ಮಣ್ಣಿನ ಪದರವನ್ನು ನಾಲ್ಕಾರು ಅಂಗುಲಕ್ಕೆ ಇಳಿಸಿ, ಜಂತಿಗಳ ತುದಿ ಗೋಡೆಯೊಳಗೆ ಕೊಳೆತಿದೆಯೇ, ಗೆದ್ದಲು ಹಿಡಿದಿದೆಯೇ ಎಂಬುದನ್ನು ಚುಚ್ಚಿ ನೋಡಿ, ಕಳೆದುಹೋದ ತಡೆಗೆ ಬದಲಾಗಿ ಹಗುರವಾದ ಉಷ್ಣರೋಧಕವನ್ನು ಕೂಡಿಸಬಹುದು. ಎರಡು ಅಂಗುಲದ ಥರ್ಮಾಕೋಲ್ ಹಲಗೆ ಚದರ ಮೀಟರಿಗೆ ಒಂದು ಕಿಲೋದಷ್ಟೇ ತೂಗುತ್ತದೆ. ಹಳೆಯ ಮಾಳಿಗೆಯ ಮೇಲೆ ಸಿಮೆಂಟ್ ಕಾಂಕ್ರೀಟ್ ಸುರಿದು ಒಳಗಿನಿಂದ ಪ್ಲಾಸ್ಟಿಕ್ ಹಾಳೆ ಬಡಿಯುವ ದುರಸ್ತಿಯಂತೂ ಎರಡು ಪಟ್ಟು ಕೆಟ್ಟದ್ದು: ಭಾರ ಹೆಚ್ಚುತ್ತದೆ, ಜೊತೆಗೆ ಮೇಲಿನ ಬಿರುಕಿನಿಂದ ಇಳಿದ ನೀರು ಹೊರಹೋಗಲು ದಾರಿಯಿಲ್ಲದೆ ಕಟ್ಟಿಗೆಯನ್ನು ಕೊಳೆಸುತ್ತದೆ. ಮಣ್ಣಿನ ಸೂರಿನ ಒಂದು ಮೈಯಾದರೂ ಉಸಿರಾಡುವಂತಿರಬೇಕು.

“ಮೊದಲು ತಂಪು, ಸೋರಿಕೆಯ ಮಾತು ಆಮೇಲೆ”

ಉಷ್ಣರೋಧಕಗಳ ಗುಟ್ಟು ಅವುಗಳೊಳಗೆ ಸಿಕ್ಕಿಬಿದ್ದ ನಿಶ್ಚಲ ಗಾಳಿಯಲ್ಲಿದೆ. ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖವನ್ನು ದಾಟಿಸುವುದರಿಂದ, ನೆನೆದ ಗಾಜುನಾರು, ಅಂದರೆ ಗ್ಲಾಸ್ ವುಲ್, ಉಷ್ಣರೋಧಕವೆಂಬ ಹೆಸರನ್ನು ಉಳಿಸಿಕೊಳ್ಳುವುದಿಲ್ಲ. ಇಳಿಜಾರು, ನೀರು ಹೋಗುವ ದೋಣಿ, ಬಿರುಕುಗಳ ಮುಚ್ಚುವಿಕೆ ಮೊದಲಾದವು ಮುಗಿದ ಮೇಲೆಯೇ ಉಷ್ಣರೋಧಕದ ಸರದಿ.

“ಮಿಂಚುವ ಹಾಳೆ ಅಂಟಿಸಿದರೆ ಸಾಕು”

ತಗಡಿನ ಸೂರಿಗೆ, ಅಂದರೆ ಈ ಭಾಗದ ಮಾತಿನ ಪತ್ರಾಸಿಗೆ, ಅಲ್ಯೂಮಿನಿಯಂ ಹೊದಿಕೆಯ ಬಬಲ್ ಶೀಟನ್ನು ಅಂಟಿಸುವುದು ಈಗ ಬಳಕೆಯಲ್ಲಿದೆ. ಮಿಂಚುವ ಮೈ ಶಾಖದ ಕಿರಣಗಳನ್ನು ಸೂಸುವುದು ಬಲು ಕಡಿಮೆ ಎಂಬುದು ನಿಜವಾದರೂ, ಆ ಮೈಯ ಎದುರಿಗೆ ಒಂದು ಅಂಗುಲದಷ್ಟಾದರೂ ತೆರವಿದ್ದಾಗ ಮಾತ್ರ ಆ ಗುಣ ಕೆಲಸಕ್ಕೆ ಬರುತ್ತದೆ. ಕಾದ ತಗಡಿಗೆ ಒತ್ತಿ ಅಂಟಿಸಿದ ಮುಖದಲ್ಲಿ ಶಾಖವು ಮುಟ್ಟಿಕೊಂಡೇ ದಾಟುತ್ತದೆ, ಅಲ್ಲಿ ಮಿಂಚಿಗೆ ಕೆಲಸವಿಲ್ಲ. ವಾಡಿ ಮತ್ತು ಶಹಾಬಾದಗಳ ಧೂಳಿನಲ್ಲಿ ಇನ್ನೊಂದು ಎಚ್ಚರವೂ ಬೇಕು: ಮೇಲ್ಮುಖವಾದ ಮಿಂಚಿನ ಮೇಲೆ ಧೂಳು ಕೂತರೆ ಗುಣ ಕೆಡುತ್ತದೆ, ಆದ್ದರಿಂದ ಹಾಳೆಯ ಮಿಂಚುವ ಮೈ ಕೆಳಮುಖವಾಗಿದ್ದು ಅದರ ಕೆಳಗೆ ತೆರವಿರುವ ಜೋಡಣೆಯೇ ಹೆಚ್ಚು ಬಾಳುತ್ತದೆ.

ಪತ್ರಾಸಿನ ಹೊರಮೈಗೆ ಬಿಳಿ ಬಣ್ಣ ಬಳಿಯುವುದು ಇದಕ್ಕಿಂತ ಅಗ್ಗದ, ಆದರೆ ಕಡೆಗಣಿಸಲಾದ ಉಪಾಯ. ಸೇಡಂ ಮತ್ತು ಚಿಂಚೋಳಿಗಳೊಂದಿಗೆ ಗಡಿ ಹಂಚಿಕೊಂಡ ತೆಲಂಗಾಣ 2023ರಲ್ಲಿ ಹೀಗೆ ಬಿಸಿಲನ್ನು ಪ್ರತಿಫಲಿಸುವ ತಂಪು ಚಾವಣಿಗಳಿಗೆಂದೇ ಒಂದು ನೀತಿಯನ್ನು ಪ್ರಕಟಿಸಿದೆ. ಸ್ಲ್ಯಾಬಿನ ಮೇಲೆ ಸುಣ್ಣ ಬಳಿದರೂ ಹಗಲಿನ ಶಾಖ ಗಮನಾರ್ಹವಾಗಿ ಇಳಿಯುತ್ತದೆ. ಮಳೆಗೆ ತೊಳೆದುಹೋಗುವ ಅದನ್ನು ಪ್ರತಿ ಬೇಸಿಗೆಗೆ ಮುನ್ನ ಮತ್ತೆ ಬಳಿಯಬೇಕಷ್ಟೆ.

“ಸಿಮೆಂಟ್ ಶೀಟಿನಲ್ಲಿ ಕಲ್ನಾರಿದೆ, ಅದು ಶಾಖ ತಡೆಯುತ್ತದೆ”

ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಒಂದು ಕಾಲದಲ್ಲಿ ಉಷ್ಣರೋಧಕವಾಗಿ ಪ್ರಸಿದ್ಧವಾಗಿದ್ದರೂ, ಅಲೆಯಾಕಾರದ ಸಿಮೆಂಟ್ ಶೀಟಿನಲ್ಲಿ ಅದು ಸಿಮೆಂಟನ್ನು ಹಿಡಿದಿಡುವ ನಾರು ಮಾತ್ರ, ಮತ್ತು ಆರು ಮಿಲಿಮೀಟರ್ ಶೀಟು ತಡೆಯುವ ಶಾಖ ಅತ್ಯಲ್ಪ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದರಿಂದ, ದುರಸ್ತಿಯಲ್ಲಿ ಹಳೆಯ ಶೀಟನ್ನು ಒಣಗಿದ ಸ್ಥಿತಿಯಲ್ಲಿ ಕೊರೆಯುವುದು, ಗರಗಸದಿಂದ ಕತ್ತರಿಸುವುದು ಸಲ್ಲದು.

“ಮನೆಗೆ ಒಗ್ಗಿದ್ದು ಗಾಡಿಗೂ ಒಗ್ಗುತ್ತದೆ”

ಸಿಮೆಂಟ್ ಕಾರ್ಖಾನೆಗಳ ಗೇಟಿನ ಹೊರಗೆ ಲೋಡಿಗಾಗಿ ಕಾಯುವ ಲಾರಿಗಳ ಕ್ಯಾಬಿನ್ನು ಚಾಲಕನಿಗೂ ಕ್ಲೀನರಿಗೂ ಎಷ್ಟೋ ಹೊತ್ತು ಮನೆಯೇ ಆಗಿರುತ್ತದೆ. ಹೊಸದಾಗಿ ತಯಾರಾಗುವ, ಮೂರೂವರೆ ಟನ್ನಿಗಿಂತ ಹೆಚ್ಚಿನ ಸರಕು ವಾಹನಗಳ ಕ್ಯಾಬಿನ್ನಿಗೆ ಹವಾನಿಯಂತ್ರಣವನ್ನು ಕೇಂದ್ರ ಸರ್ಕಾರ ಕಡ್ಡಾಯಗೊಳಿಸಿದರೂ, ಈಗಾಗಲೇ ರಸ್ತೆಯಲ್ಲಿರುವ ಹಳೆಯ ಲಾರಿಗಳಿಗೂ, ಮಲಗುವ ಅನುಕೂಲ ಮಾಡಿಕೊಂಡ ಹಳೆಯ ವ್ಯಾನುಗಳಿಗೂ ಅದು ಅನ್ವಯಿಸುವುದಿಲ್ಲ. ಇಂಥ ತಗಡಿನ ಸೂರಿಗೆ ಮನೆಯಲ್ಲಿ ಉಳಿದ ಥರ್ಮಾಕೋಲ್ ಅಥವಾ ಗಾಜುನಾರನ್ನು ತುಂಬುವುದು ತಪ್ಪು: ಓಡಾಟದ ಅದುರಿಗೆ ಗಾಜುನಾರು ಕುಸಿದು ಒಂದು ಕಡೆ ಸೇರುತ್ತದೆ, ತೇವವನ್ನು ಹಿಡಿದಿಟ್ಟು ತಗಡಿಗೆ ತುಕ್ಕು ತರಿಸುತ್ತದೆ; ಥರ್ಮಾಕೋಲ್ ಉಜ್ಜಿ ಪುಡಿಯಾಗುತ್ತದೆ, ದ್ರಾವಕವಿರುವ ಅಂಟು ತಗುಲಿದರೆ ಕರಗುತ್ತದೆ, ಕಾದ ಪತ್ರಾಸಿಗೆ ತಾಗಿಕೊಂಡಿದ್ದರೆ ಮೆದುವಾಗುತ್ತದೆ, ಕಿಡಿ ತಾಗಿದರೆ ಕಪ್ಪು ಹೊಗೆಯೊಡನೆ ಉರಿಯುತ್ತದೆ. ಇಲ್ಲಿ ಒಪ್ಪುವುದು, ಗಾಳಿಯ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಳ್ಳದಿರುವುದರಿಂದ ನೀರು ಹೀರದ ನೈಟ್ರೈಲ್ ರಬ್ಬರಿನ ಹಾಳೆ. ಮೊದಲು ತುಕ್ಕನ್ನು ಕೆರೆದು, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಈ ಹಾಳೆಯನ್ನು ನಡುವೆ ಸಂದಿ ಬಿಡದಂತೆ ಅಂಟಿಸಬೇಕು, ಏಕೆಂದರೆ ಸಂದಿಯೊಳಗೆ ನುಸುಳಿದ ತೇವ ಚಳಿಗಾಲದ ರಾತ್ರಿಗಳಲ್ಲಿ ತಣ್ಣನೆಯ ತಗಡಿಗೆ ಹನಿಯಾಗಿ ಕೂತು, ಹಾಳೆಯ ಮರೆಯಲ್ಲಿ ಕಣ್ಣಿಗೆ ಬೀಳದೆ ತುಕ್ಕು ಹಿಡಿಸುತ್ತದೆ.