ಜಿರಳೆಯ ಜ್ವರ

ಮಂಗಳೂರಿನ ಬೋಳಾರದಲ್ಲಿ, ಮಂಗಳಾದೇವಿಯ ದೇವಸ್ಥಾನವನ್ನು ದಾಟಿ ನೇತ್ರಾವತಿಯ ಕಡೆಗೆ ಇಳಿಯುವ ಓಣಿಗಳಲ್ಲಿ ಉಳಿದುಕೊಂಡಿರುವ ಹಂಚಿನ ಮನೆಗಳಲ್ಲಿ, ಮಳೆಗಾಲದ ಆಟಿ ತಿಂಗಳ ನಡುರಾತ್ರಿ ನೀರು ಕುಡಿಯಲೆಂದು ಎದ್ದು ಅಡುಗೆಮನೆಯ ದೀಪ ಹಾಕಿದವರಿಗೆ, ಎಂದಾದರೊಮ್ಮೆ ಹಾಲಿನಂತೆ ಬೆಳ್ಳಗಿರುವ, ಕಣ್ಣು ಮಾತ್ರ ಕಪ್ಪಾಗಿರುವ ಒಂದು ಜಿರಳೆ ಗೋಚರಿಸಿರಬಹುದು. ಅದು ರೋಗಗ್ರಸ್ತವೆಂದಾಗಲಿ, ತೊನ್ನು ಹತ್ತಿದ ಅಪೂರ್ವ ಜಾತಿಯೆಂದಾಗಲಿ ಭಾವಿಸಬೇಕಾದುದಿಲ್ಲ; ಅದು ಆಗತಾನೇ ಪೊರೆ ಕಳಚಿದ ಸಾಮಾನ್ಯ ಜಿರಳೆ, ಕೆಲವೇ ಗಂಟೆಗಳಲ್ಲಿ ಕಂದುಬಣ್ಣಕ್ಕೆ ತಿರುಗತಕ್ಕದ್ದು. ನಾಗಬನದ ಬಳಿ ಸರ್ಪದ ಪೊರೆ ಕಂಡರೆ ಕೈಮುಗಿಯುವ ನಾವು ಜಿರಳೆಯ ಪೊರೆಯನ್ನು ಕಾಣದೇ ಇರುವುದಕ್ಕೆ ನಮ್ಮ ಅನಾದರವೊಂದೇ ಕಾರಣವಲ್ಲ. ಕಳಚಿದ ಪೊರೆಯನ್ನು ಅದು ಬಹುಮಟ್ಟಿಗೆ ತಾನೇ ತಿಂದು ಮುಗಿಸುತ್ತದೆ.

ರಾಮನಗರದ ಕಡೆಯ ರೇಷ್ಮೆ ಬೆಳೆಗಾರರು ಹುಳು ಪೊರೆಬಿಡುವ ಅವಸ್ಥೆಯನ್ನು 'ಜ್ವರ'ವೆಂದು ಕರೆಯುತ್ತಾರೆ. ರೇಷ್ಮೆಹುಳುವಿಗೆ ನಾಲ್ಕು ಜ್ವರ. ನಮ್ಮ ಮನೆಯ ದೊಡ್ಡ ಜಿರಳೆಗೆ, ಹಿಂದಿನ ಪಿಯುಸಿ ಪಠ್ಯಪುಸ್ತಕವು ಹೇಳುತ್ತಿದ್ದಂತೆ, ಸುಮಾರು ಹದಿಮೂರು. ಜ್ವರವೆಂಬ ಹೆಸರು ಎಷ್ಟು ಉಚಿತವೆಂಬುದು ಒಳಗಿನ ವ್ಯಾಪಾರವನ್ನು ತಿಳಿದಾಗ ಮನವರಿಕೆಯಾಗುತ್ತದೆ. ಎಕ್ಡೈಸೋನ್ ಎಂಬ ಹಾರ್ಮೋನು (1954ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್ಸನ್ ಅದನ್ನು ರೇಷ್ಮೆಹುಳುವಿನ ಪ್ಯೂಪಾಗಳಿಂದಲೇ ಶುದ್ಧರೂಪದಲ್ಲಿ ಬೇರ್ಪಡಿಸಿದರು) ಆಜ್ಞೆಯಿತ್ತೊಡನೆ ಹಳೆಯ ಚರ್ಮದ ಕೆಳಗೆ ಹೊಸದು ಸಿದ್ಧವಾಗುತ್ತದೆ. ಆಮೇಲೆ ಕೀಟವು ಗಾಳಿಯನ್ನು ನುಂಗಿ ಉಬ್ಬಿ, ಬೆನ್ನಿನ ಮೇಲೆ ಸೀಳಿಕೊಂಡು, ಹೊರಗವಚವನ್ನಷ್ಟೇ ಅಲ್ಲದೆ ಅನ್ನನಾಳದ ಮುಂಭಾಗದ ಮತ್ತು ಉಸಿರ್ನಾಳಗಳ ಒಳಪದರವನ್ನೂ ಸಹ ಎಳೆದು ಹೊರಹಾಕಬೇಕಾಗುತ್ತದೆ. ಇಂತಹ ಕಾರ್ಯದಲ್ಲಿ ಒಂದು ಕಾಲು ಸಿಕ್ಕಿಕೊಂಡಿತೆಂದರೆ ಅಂಗವೈಕಲ್ಯ, ಉಸಿರ್ನಾಳ ಸಿಕ್ಕಿಕೊಂಡಿತೆಂದರೆ ಮರಣ.

ನಮ್ಮಲ್ಲಿ ಜಿರಳೆಯನ್ನು ಬೇಕೆಂದು ಇಟ್ಟುಕೊಂಡವರು ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯವರು. ಪಾಶ್ಚಾತ್ಯ ದೇಶಗಳಲ್ಲಾದರೋ ಮಡಗಾಸ್ಕರದ ಬುಸುಗುಟ್ಟುವ ಜಿರಳೆಯನ್ನು, ರೆಕ್ಕೆಯೇ ಇಲ್ಲದ ಆ ಸಾಧುಪ್ರಾಣಿಯನ್ನು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಕ್ಕಳೂ ಸಾಕುತ್ತಾರೆ. ಅಲ್ಲಿಯ ಸಾಕಣೆದಾರರ ಭಯಗಳಲ್ಲಿ ಮೊದಲನೆಯದು ಒಣಹವೆ: ತೇವ ಸಾಲದಿದ್ದರೆ ಹಳೆಯ ಪೊರೆ ಮೈಗೆ ಅಂಟುತ್ತದೆ, ಕಾಲೂರಿ ಜೋತಾಡಲು ಒರಟಾದ ಆಸರೆಯಿಲ್ಲದಿದ್ದರೆ ಮೈ ಹೊರಬರದು, ಒತ್ತೊತ್ತಾಗಿ ಇಟ್ಟರೆ ಮೆದುವಾಗಿರುವಾಗಲೇ ಸಹವಾಸಿಗಳು ಕಚ್ಚುತ್ತವೆ. ಬೋಳಾರದ ಮಳೆಗಾಲದಲ್ಲಿ ಮೊದಲನೆಯ ಭಯ ಹಾಸ್ಯಾಸ್ಪದ; ಇಲ್ಲಿ ಪೆಟ್ಟಿಗೆಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸವಾದೀತು. ಸಿಕ್ಕಿಕೊಂಡ ಪೊರೆಯನ್ನು ಕನಿಕರದಿಂದ ಚಿಮಟದಲ್ಲಿ ಕೀಳಹೊರಡುವುದು ಮಾತ್ರ ಎಲ್ಲಿಯೂ ಸಲ್ಲದು. ಕೆಳಗಿರುವ ಹೊಸ ಚರ್ಮವೂ ಹರಿದುಹೋಗುತ್ತದೆ.

ಪೊರೆಯ ವಿಚಿತ್ರಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದುದು ಪಾದದ ಗೆಣ್ಣುಗಳ ಲೆಕ್ಕ. ಜಿರಳೆಯ ಪಾದದಲ್ಲಿ ಐದು ಗೆಣ್ಣುಗಳಿರಬೇಕು. ಕೆಲವುಗಳಲ್ಲಿ ನಾಲ್ಕೇ ಇರುವುದುಂಟು, ಅದೂ ಏನೊಂದು ಕುಂದೂ ಕಾಣದಷ್ಟು ಅಚ್ಚುಕಟ್ಟಾಗಿ. ಜೀವಶಾಸ್ತ್ರಜ್ಞ ವಿಲಿಯಂ ಬೇಟ್ಸನ್ 1894ರಲ್ಲಿ ಪ್ರಕಟಿಸಿದ ವ್ಯತ್ಯಯಗಳ ಕುರಿತ ಬೃಹದ್ಗ್ರಂಥದಲ್ಲಿ ಇದನ್ನು ಚರ್ಚಿಸಿದನು. ಬಳಿಕ 1897ರಲ್ಲಿ ಬ್ರಿಂಡ್ಲೆ ಎಂಬವನು ಜಿರಳೆಯ ಕಾಲುಗಳ ಪುನರುತ್ಪತ್ತಿಯನ್ನು ಕುರಿತು ಬರೆದುದರಿಂದ ರಹಸ್ಯ ಬಯಲಾಯಿತು: ಮರಿಯಾಗಿದ್ದಾಗ ಕಳೆದುಕೊಂಡ ಕಾಲು ಮುಂದಿನ ಪೊರೆಯೊಂದಿಗೆ ಮತ್ತೆ ಹುಟ್ಟಿದಾಗ, ಅದು ನಾಲ್ಕು ಗೆಣ್ಣುಗಳೊಂದಿಗೆ ಹುಟ್ಟುತ್ತದೆ. ಹೀಗೆ ಎಂದೋ ಹಲ್ಲಿಯ ಬಾಯಿಂದ ತಪ್ಪಿಸಿಕೊಂಡ ಕಥೆಯನ್ನು ಆ ಪಾದವೇ ಹೇಳುತ್ತದೆ. ಪ್ರಾಯಕ್ಕೆ ಬಂದ ಜಿರಳೆಗೆ ಪೊರೆಯೇ ಇಲ್ಲವಾದುದರಿಂದ, ಆಮೇಲೆ ಹೋದ ಕಾಲು ಹೋದುದೇ.

ರೆಕ್ಕೆಯ ದೋಷಕ್ಕೂ ಕಡೆಯ ಪೊರೆಯ ಗಳಿಗೆಯೇ ಮೂಲ. ರಕ್ತದ ಒತ್ತಡದಿಂದ ರೆಕ್ಕೆ ಬಿಚ್ಚಿಕೊಳ್ಳುವಷ್ಟರಲ್ಲಿ ಇಕ್ಕಟ್ಟೋ ಪೆಟ್ಟೋ ಒದಗಿದರೆ ಅದು ಮುದುಡಿದಂತೆಯೇ ಒಣಗಿ ಗಟ್ಟಿಯಾಗುತ್ತದೆ. ಆದರೆ ಹೋಟೆಲುಗಳ ಸಣ್ಣ ಜರ್ಮನ್ ಜಿರಳೆಗಳಲ್ಲಿ ಹಲವಕ್ಕೆ ಒಟ್ಟಿಗೆ ರೆಕ್ಕೆ ತಿರುಚಿದ್ದರೆ, ಅಲ್ಲಿ ಹೈಡ್ರೋಪ್ರೀನ್ ಎಂಬ, ಬಾಲ್ಯದ ಹಾರ್ಮೋನನ್ನು ಅನುಕರಿಸುವ ಔಷಧಿಯ ಕೈವಾಡವಿದೆಯೆಂದು ಊಹಿಸಬಹುದು. ಅಂತಹವು ಸಾಮಾನ್ಯವಾಗಿ ಬಂಜೆ. ಆದುದರಿಂದ ಈ ಔಷಧಿಯನ್ನು ಹೊಡೆದವನು ಕೆಲವು ವಾರಗಳ ತರುವಾಯ ಬಂದು ಹುಡುಕುವುದು ಸತ್ತ ಜಿರಳೆಗಳನ್ನಲ್ಲ, ಓಡಾಡುತ್ತಿರುವವುಗಳ ರೆಕ್ಕೆಗಳನ್ನು.