ಓತಿಗೆ ಬಡಿಸುವ ಮುನ್ನ ಹುಳಕ್ಕೆ ಬಡಿಸಿ

ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಬಿಸಿಲೇರುವ ಹೊತ್ತಿಗೆ ಕಾಂಪೌಂಡ್ ಗೋಡೆಗಳ ಮೇಲೆ ಓತಿಕ್ಯಾತಗಳು ಬಂದು ಕೂರುತ್ತವೆ. ಮುಂಗಾಲೂರಿ ತಲೆ ಆಡಿಸುತ್ತವೆ, ಕತ್ತು ಕೆಂಪೇರಿಸಿಕೊಳ್ಳುತ್ತವೆ, ದಾಸವಾಳದ ಗಿಡದಲ್ಲಿ ಏನಾದರೂ ಅಲುಗಿದರೆ ಸರಕ್ಕನೆ ನೆಗೆದು ಹಿಡಿಯುತ್ತವೆ. ಇರುವೆ, ಮಿಡತೆ, ಜೇಡ, ಕಂಬಳಿಹುಳ, ಮೊದಲ ಮಳೆಯ ಸಂಜೆ ನೆಲದೊಳಗಿಂದ ಎದ್ದು ಬರುವ ಈಸಲು ಹುಳ ಎಲ್ಲವೂ ಅವುಗಳ ಊಟವೇ. ಬಡಿಸುವವರಿಲ್ಲದಿದ್ದರೂ ಊಟದಲ್ಲಿ ಬಗೆಗೆ ಕೊರತೆಯಿಲ್ಲ.

ಅದೇ ಬೀದಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ನಡುಮನೆಯ ಗಾಜಿನ ಪೆಟ್ಟಿಗೆಯಲ್ಲಿ, ದೀಪದ ಕೆಳಗಿನ ಕಲ್ಲಿನ ಮೇಲೆ ಒಂದು ಬಿಯರ್ಡೆಡ್ ಡ್ರ್ಯಾಗನ್ ಮಲಗಿದೆ. ಸಾಕಿದವನು ಕಾಲೇಜು ಹುಡುಗ. ಟಿ. ನರಸೀಪುರದ ಕಡೆ ಬಹಳ ವರ್ಷ ರೇಷ್ಮೆ ಬೆಳೆದ ಅವನ ಅಜ್ಜಿ ಪೆಟ್ಟಿಗೆಯೊಳಗೆ ಇಣುಕಿ ಕೇಳುತ್ತಾರೆ:

“ಇದಕ್ಕೆ ಏನ್ ಹಾಕ್ತೀಯೋ ಮಗ?”

“ಹುಳ, ಅಜ್ಜಿ.”

“ಸರಿ, ಆ ಹುಳಕ್ಕೆ ಏನ್ ಹಾಕ್ತೀಯ?”

ಹುಡುಗ ತಡವರಿಸುತ್ತಾನೆ. ಅಜ್ಜಿಯ ಈ ಎರಡನೇ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಅಧ್ಯಾಯದ ಕೆಲಸ.

ಗಡ್ಡವಿರುವ ನೆಂಟ

ಗೋಡೆಯ ಮೇಲಿನ ಓತಿಕ್ಯಾತ, ಪೆಟ್ಟಿಗೆಯೊಳಗಿನ ಡ್ರ್ಯಾಗನ್ ಎರಡೂ ಅಗಾಮಿಡೇ ಎಂಬ ಒಂದೇ ಕುಟುಂಬದವು. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ಎಲ್ಲರನ್ನೂ ಕಾಡು ಸುತ್ತಿಸುವ ಹಾರುವ ಓತಿಯೂ ಇದೇ ಮನೆತನದ್ದು. ಬಿಯರ್ಡೆಡ್ ಡ್ರ್ಯಾಗನ್ ಆಸ್ಟ್ರೇಲಿಯಾದ ಒಳನಾಡಿನ ಒಣಸೀಮೆಯ ಪ್ರಾಣಿ. ವೈಜ್ಞಾನಿಕ ಹೆಸರು ಪೊಗೋನಾ ವಿಟಿಸೆಪ್ಸ್. ಸಿಟ್ಟು ಬಂದಾಗ ಉಬ್ಬಿ ಕಪ್ಪಾಗುವ ಗಂಟಲಿನ ಮುಳ್ಳುಚರ್ಮವೇ ಅದರ ಗಡ್ಡ. ಬಾಲ ಸೇರಿ ಸುಮಾರು ಒಂದೂವರೆಯಿಂದ ಎರಡು ಅಡಿ ಬೆಳೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷದ ಆಸುಪಾಸು ಬದುಕುತ್ತದೆ.

ತವರಿನಲ್ಲಿ ಅದು ಸಿಕ್ಕಿದ್ದನ್ನು ತಿನ್ನುವ ಪ್ರಾಣಿ. ಮಳೆ ಬಿದ್ದು ಗೆದ್ದಲು ಎದ್ದರೆ ಗೆದ್ದಲು, ಇಲ್ಲವಾದರೆ ಜೀರುಂಡೆ, ಇರುವೆ, ಎಲೆ, ಹೂವು. ಮರಿಯಾಗಿದ್ದಾಗ ಹುಳವೇ ಹೆಚ್ಚು; ಬೆಳೆದಂತೆ ಸೊಪ್ಪಿನ ಪಾಲು ಹೆಚ್ಚುತ್ತದೆ. ಸಾಕುವ ಮನೆಯಲ್ಲಿ ಈ ಬಗೆಬಗೆಯ ಊಟ ಅಂಗಡಿಯಿಂದ ತರುವ ಒಂದೆರಡು ಜಾತಿಯ ಹುಳಕ್ಕೆ ಇಳಿದುಬಿಡುತ್ತದೆ. ಸಮಸ್ಯೆ ಶುರುವಾಗುವುದು ಅಲ್ಲಿಂದ.

ಸಾಕುವ ಆಸೆ ಇರುವವರು ಮೊದಲು ಒಂದು ಮಾತು ತಿಳಿದಿರಲಿ. ನಮ್ಮ ನಾಡಿನ ಉಡ, ನಕ್ಷತ್ರ ಆಮೆಗಳನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗೋಡೆಯ ಮೇಲಿನ ಓತಿಕ್ಯಾತ ಗೋಡೆಯ ಮೇಲೆಯೇ ಇರಲಿ. ಹೊರದೇಶದ ಪ್ರಾಣಿಯಾದರೆ ಮಾರುವವರಿಂದ ಕಾಗದಪತ್ರ ಪಡೆದು, ಈಗಿನ ನಿಯಮವೇನೆಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿದ ಮೇಲೆಯೇ ಮುಂದಿನ ಹೆಜ್ಜೆ.

ಮೂಳೆಯಿಲ್ಲದವರನ್ನು ತಿಂದು ಮೂಳೆ ಕಟ್ಟುವುದು

ಹುಳಕ್ಕೆ ಮೂಳೆಯಿಲ್ಲ. ಅದರ ಮೈಯನ್ನು ಹಿಡಿದು ನಿಲ್ಲಿಸುವುದು ಹೊರಚಿಪ್ಪು. ಆ ಚಿಪ್ಪು ಕೈಟಿನ್ ಎಂಬ ನಾರು ಮತ್ತು ಪ್ರೋಟೀನಿನಿಂದ ಆದದ್ದು. ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಹುಳದ ಜೀವಕೋಶಗಳಲ್ಲಿ ರಂಜಕ, ಅಂದರೆ ಫಾಸ್ಫರಸ್, ಧಾರಾಳವಾಗಿದೆ. 100 ಗ್ರಾಂ ಕ್ರಿಕೆಟ್ ಹುಳದಲ್ಲಿ ಕ್ಯಾಲ್ಸಿಯಂ ಸುಮಾರು 40 ಮಿಲಿಗ್ರಾಂ, ರಂಜಕ ಸುಮಾರು 300 ಮಿಲಿಗ್ರಾಂ. ಡ್ರ್ಯಾಗನ್ನಿಗೆ ಬೇಕಾದದ್ದು ಇದಕ್ಕೆ ತಿರುವುಮುರುವು: ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ.

ಊಟದಲ್ಲಿ ರಂಜಕ ಮೇಲಾಗಿ ಕ್ಯಾಲ್ಸಿಯಂ ಕೆಳಗಾದರೆ, ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ರಕ್ತದ ಮಟ್ಟ ಕಾಯಲು ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆಯುತ್ತವೆ. ತಿಂಗಳುಗಟ್ಟಲೆ ಹೀಗೇ ನಡೆದರೆ ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಬೆರಳು ಅದುರುತ್ತವೆ, ಬೆನ್ನು ಡೊಂಕಾಗುತ್ತದೆ. ಸಾಕಿದ ಓತಿಗಳಲ್ಲಿ ಪಶುವೈದ್ಯರು ಮತ್ತೆ ಮತ್ತೆ ಕಾಣುವ ರೋಗವಿದು. ಹೊಟ್ಟೆ ತುಂಬ ತಿನ್ನುವ ಪ್ರಾಣಿಗೂ ಇದು ಬರುತ್ತದೆ. ಹೊಟ್ಟೆ ತುಂಬಿದ್ದು ಕಣ್ಣಿಗೆ ಕಾಣುವುದರಿಂದ ಮೂಳೆ ಸವೆಯುತ್ತಿರುವುದು ಮನೆಯವರ ಗಮನಕ್ಕೆ ಬರುವುದೇ ತಡವಾಗಿ.

ಕ್ಯಾಲ್ಸಿಯಂ ಹೊಟ್ಟೆಗೆ ಹೋದರೆ ಸಾಲದು, ಅದನ್ನು ಮೈ ಹೀರಿಕೊಳ್ಳಲು ಡಿ3 ವಿಟಮಿನ್ ಬೇಕು. ಅದನ್ನು ಮಾಡಿಕೊಳ್ಳಲು ಬಿಸಿಲಿನ ಯುವಿಬಿ ಕಿರಣ ಬೇಕು. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಹಾಗಾಗಿ ಗಾಜಿನ ಹಿಂದಿನ ಬಿಸಿಲು ಮೈ ಕಾಯಿಸೀತೇ ಹೊರತು ಮೂಳೆಗೆ ಒದಗದು. ಯುವಿಬಿ ದೀಪವನ್ನಾದರೂ ಇಡಬೇಕು. ಇಲ್ಲವೇ ಮೈಸೂರಿನ ಎಳೆಬಿಸಿಲಿನಲ್ಲಿ, ಪಕ್ಕದಲ್ಲಿ ನೆರಳಿರುವಂತೆ, ಕಾಗೆ ಬೆಕ್ಕುಗಳಿಂದ ಕಾಪಾಡಿ, ಬಲೆಯ ಪೆಟ್ಟಿಗೆಯಲ್ಲಿ ಕೂರಿಸಬೇಕು. ತಿಂದದ್ದು ಜೀರ್ಣವಾಗಲು ಮೈ ಕಾಯಿಸಿಕೊಳ್ಳುವ ಜಾಗ ಸುಮಾರು 40 ಡಿಗ್ರಿ ಸೆಲ್ಸಿಯಸ್ ಇರಬೇಕು, ಪೆಟ್ಟಿಗೆಯ ಇನ್ನೊಂದು ತುದಿ ತಂಪಾಗಿರಬೇಕು.

ಯಾವ ಹುಳದಲ್ಲಿ ಏನಿದೆ

ಹಸಿ ಹುಳ 100 ಗ್ರಾಂ ಎಂದಿಟ್ಟುಕೊಂಡು ಲೆಕ್ಕ ನೋಡೋಣ. ಅಂಕಿಗಳು ಹುಳದ ವಯಸ್ಸು, ತಿಂದ ಮೇವಿನ ಮೇಲೆ ಹೆಚ್ಚುಕಡಿಮೆಯಾಗುತ್ತವೆ.

ಕ್ರಿಕೆಟ್ ಹುಳ: ರಾತ್ರಿ ಮೂಲೆಯಲ್ಲಿ ಕಿರ್ರೆನ್ನುವ ಹುಳ. ಪ್ರೋಟೀನ್ ಸುಮಾರು 20 ಗ್ರಾಂ, ಕೊಬ್ಬು 7 ಗ್ರಾಂ. ಓಡಾಡುವುದರಿಂದ ಓತಿಗೆ ಬೇಟೆಯ ಹುರುಪು ಬರುತ್ತದೆ. ದಿನನಿತ್ಯಕ್ಕೆ ಒಗ್ಗುವ ಹುಳ. ತಿನ್ನದೆ ಬಿಟ್ಟ ಕ್ರಿಕೆಟ್‌ಗಳನ್ನು ರಾತ್ರಿ ಪೆಟ್ಟಿಗೆಯಲ್ಲಿ ಬಿಡಬಾರದು, ಮಲಗಿದ ಓತಿಯನ್ನೇ ಕಚ್ಚುತ್ತವೆ.

ಡುಬಿಯಾ ಜಿರಳೆ: ದಕ್ಷಿಣ ಅಮೆರಿಕದ್ದು. ನುಣುಪಾದ ಗೋಡೆ ಹತ್ತಲಾರದು, ಸದ್ದು ಮಾಡದು. ಪ್ರೋಟೀನಿನಲ್ಲಿ ಕ್ರಿಕೆಟ್‌ಗೆ ಸರಿಸಾಟಿ. ಅಡುಗೆಮನೆಯ ಜಿರಳೆಯನ್ನು ಇದರ ಬದಲಿಗೆ ಹಿಡಿದು ಹಾಕುವಂತಿಲ್ಲ. ಅದು ಯಾವ ಔಷಧಿಯ ಮೇಲೆ ನಡೆದು ಬಂದಿದೆಯೋ!

ಮೀಲ್‌ವರ್ಮ್: ಹಿಟ್ಟು, ಬೂಸಾದಲ್ಲಿ ಬೆಳೆಯುವ ಜೀರುಂಡೆಯ ಮರಿ. ಕೊಬ್ಬು ಸುಮಾರು 13 ಗ್ರಾಂ. ಫ್ರಿಜ್ಜಿನಲ್ಲಿ ವಾರಗಟ್ಟಲೆ ಉಳಿಯುವುದರಿಂದ ಸಾಕುವವರಿಗೆ ಸಲೀಸು. ನುಂಗಿದ ಮೀಲ್‌ವರ್ಮ್ ಹೊಟ್ಟೆ ಕೊರೆದು ಹೊರಬರುತ್ತದೆ ಎಂಬ ಮಾತು ಕಟ್ಟುಕತೆ. ಓತಿ ಅಗಿದು ನುಂಗುತ್ತದೆ, ಮಿಕ್ಕಿದ್ದನ್ನು ಜಠರದ ಆಮ್ಲ ನೋಡಿಕೊಳ್ಳುತ್ತದೆ.

ಸೂಪರ್‌ವರ್ಮ್: ಮೀಲ್‌ವರ್ಮ್‌ನ ದೊಡ್ಡಣ್ಣ, ಬೇರೆ ಜಾತಿ. ಕೊಬ್ಬು ಸುಮಾರು 18 ಗ್ರಾಂ. ಫ್ರಿಜ್ಜಿನಲ್ಲಿಟ್ಟರೆ ಸಾಯುತ್ತದೆ. ಗುಂಪಿನಲ್ಲಿರುವ ತನಕ ಕೋಶವಾಗುವುದಿಲ್ಲ. ಒಂಟಿಯಾಗಿಟ್ಟರೆ ಮಾತ್ರ ಜೀರುಂಡೆಯಾಗುತ್ತದೆ. ಬೆಳೆದ ಓತಿಗೆ ಅಪರೂಪಕ್ಕೊಮ್ಮೆ ಸಾಕು.

ಮೇಣದ ಹುಳ: ಜೇನು ಸಾಕುವವರ ಶತ್ರು. ಕೊಬ್ಬು ಸುಮಾರು 25 ಗ್ರಾಂ. ಇದು ಹಬ್ಬದ ಹೋಳಿಗೆ, ದಿನದ ಮುದ್ದೆಯಲ್ಲ. ರುಚಿ ಹತ್ತಿದ ಓತಿ ಬೇರೆ ಹುಳಕ್ಕೆ ಮುಖ ತಿರುಗಿಸುವುದೂ ಉಂಟು.

ಬ್ಲ್ಯಾಕ್ ಸೋಲ್ಜರ್ ನೊಣದ ಮರಿ: ಹಸಿಕಸ ತಿಂದು ಬೆಳೆಯುವ ಹುಳ. ಕೊಬ್ಬು ಸುಮಾರು 14 ಗ್ರಾಂ. ಇದರ ಚಿಪ್ಪಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡಿಕೊಂಡಿರುತ್ತದೆ. ಹಾಗಾಗಿ ಈ ಪಟ್ಟಿಯಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚಿರುವುದು ಇದೊಂದರಲ್ಲೇ. ಸುಮಾರು ಎರಡೂವರೆ ಪಟ್ಟು.

ನಮ್ಮ ಸೀಮೆಯ ಹುಳ

ಈ ಪಟ್ಟಿಗೆ ಇನ್ನೊಂದು ಹೆಸರು ಸೇರಬೇಕು: ರೇಷ್ಮೆಹುಳ. 1912ರಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾದ ಊರು ಮೈಸೂರು. ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯೂ ಇಲ್ಲಿಯೇ ಇದೆ. ಹೊರದೇಶಗಳಲ್ಲಿ ಓತಿ ಸಾಕುವವರು ಡಬ್ಬಿಯಲ್ಲಿ ಎಣಿಸಿ ಕೊಳ್ಳುವ ಹುಳ ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ತಟ್ಟೆಗಟ್ಟಲೆ ಬೆಳೆಯುತ್ತದೆ.

ರೇಷ್ಮೆಹುಳದ ಮೈಯಲ್ಲಿ ಶೇ. 80ಕ್ಕಿಂತ ಹೆಚ್ಚು ನೀರು. ಪ್ರೋಟೀನ್ ಸುಮಾರು 9 ಗ್ರಾಂ, ಕೊಬ್ಬು ಬರೀ ಒಂದೂವರೆ ಗ್ರಾಮಿನ ಆಸುಪಾಸು. ಮೈ ಮೆತ್ತಗೆ, ಜೀರ್ಣಕ್ಕೆ ಹಗುರ. ಬೊಜ್ಜು ಬಂದ ಓತಿಗೂ ನೀರು ಕಡಿಮೆ ಕುಡಿಯುವ ಓತಿಗೂ ಒಳ್ಳೆಯದು. ಆದರೂ ಇದರಲ್ಲಿ ರಂಜಕವೇ ಮೇಲು, ಹಾಗಾಗಿ ಕ್ಯಾಲ್ಸಿಯಂ ಪುಡಿ ಸವರದೆ ಕೊಡುವಂತಿಲ್ಲ.

ಹಾಗೆಂದು ಬೆಳೆಗಾರರ ತಟ್ಟೆಯಿಂದ ನೇರವಾಗಿ ಎತ್ತಿ ತರುವುದು ಸರಿಯಲ್ಲ. ರೋಗ ಬಾರದಿರಲೆಂದು ಅವರು ಪ್ರತಿ ಜ್ವರ, ಅಂದರೆ ಪೊರೆ ಕಳಚಲು ಹುಳ ಮೇವು ಬಿಟ್ಟು ಅಲುಗದೆ ಕೂರುವ ಹೊತ್ತು, ಮುಗಿದು ಎದ್ದ ಮೇಲೆ ಹುಳದ ಮೈಮೇಲೆ ಸೋಂಕುನಿವಾರಕ ಪುಡಿ ಉದುರಿಸುತ್ತಾರೆ, ಹಾಸಿಗೆಗೆ ಸುಣ್ಣ ಹಾಕುತ್ತಾರೆ. ಗೂಡಿಗೆ ಬೇಕಾದ ಆ ರಕ್ಷಣೆ ಓತಿಯ ಹೊಟ್ಟೆಗೆ ಬೇಡ. ಚಾಕಿ ಹುಳ, ಅಂದರೆ ಎಳೆಯ ಹುಳ, ಸ್ವಲ್ಪವೇ ತಂದು, ಔಷಧಿ ಹೊಡೆಯದ ಹಿಪ್ಪುನೇರಳೆ ಸೊಪ್ಪು ಹಾಕಿ, ಒಂದು ಜ್ವರ ದಾಟಿಸಿ ಹಳೆಯ ಪೊರೆ ಕಳಚಿದ ಮೇಲೆ ಬಳಸುವುದು ಜಾಣತನ. ಸಪ್ಪೆ ರೋಗ, ಹಾಲುತೊಂಡೆ ಬಂದ ಹುಳವನ್ನು ಹತ್ತಿರವೂ ಸೇರಿಸಬಾರದು. ನೂಲು ಬಿಚ್ಚಿದ ಮೇಲೆ ಉಳಿಯುವ ಕೋಶ ಅಗ್ಗಕ್ಕೆ ಸಿಗುತ್ತದೆ ನಿಜ. ಆದರೆ ಒಣಗಿದ ಕೋಶದ ತೂಕದಲ್ಲಿ ಕಾಲು ಭಾಗಕ್ಕೂ ಮಿಕ್ಕಿ ಎಣ್ಣೆಯಿದೆ, ಬೇಗ ನಾರುತ್ತದೆ, ಅಲುಗುವುದೂ ಇಲ್ಲ.

ಒಂದು ಗ್ರಾಂ ಪುಡಿಯ ಲೆಕ್ಕ

ಹುಳದ ಕೊರತೆ ತುಂಬಲು ಎರಡು ದಾರಿಗಳಿವೆ. ಒಂದು ಹೊರಗಿನಿಂದ, ಇನ್ನೊಂದು ಒಳಗಿನಿಂದ.

ಹೊರಗಿನದು ಪುಡಿ ಸವರುವುದು. 100 ಗ್ರಾಂ ಕ್ರಿಕೆಟ್‌ನಲ್ಲಿರುವ 300 ಮಿಲಿಗ್ರಾಂ ರಂಜಕಕ್ಕೆ ಒಂದೂವರೆ ಪಟ್ಟು ಎಂದರೆ 450 ಮಿಲಿಗ್ರಾಂ ಕ್ಯಾಲ್ಸಿಯಂ. ಇರುವುದು 40, ಕೊರತೆ 410. ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ ಕ್ಯಾಲ್ಸಿಯಂ ಶೇ. 40ರಷ್ಟಿರುವುದರಿಂದ ಸುಮಾರು ಒಂದು ಗ್ರಾಂ ಪುಡಿ ಸಾಕು. ಬೆಳೆದ ಕ್ರಿಕೆಟ್ ಅರ್ಧ ಗ್ರಾಂ ತೂಗಿದರೆ, ಆ ಒಂದು ಗ್ರಾಂ ಇನ್ನೂರು ಹುಳಕ್ಕೆ ಹಂಚಿಹೋಗುತ್ತದೆ. ಡಬ್ಬಿಯಲ್ಲಿ ಹುಳ, ಚಿಟಿಕೆ ಪುಡಿ ಹಾಕಿ ಮೆಲ್ಲಗೆ ಅಲುಗಿಸಿ ಕೂಡಲೇ ಕೊಡಬೇಕು; ತಡವಾದರೆ ಕ್ರಿಕೆಟ್ ಮೈ ಕೊಡವಿಕೊಂಡು ಪುಡಿ ಉದುರಿಸಿಬಿಡುತ್ತದೆ. ಕುದಿಸಿ, ಒಣಗಿಸಿ, ನುಣ್ಣಗೆ ಬೀಸಿದ ಮೊಟ್ಟೆಚಿಪ್ಪು ಕೂಡ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ಎಲೆಯಡಿಕೆಯ ಸುಣ್ಣ ಮಾತ್ರ ಬೇಡವೇ ಬೇಡ. ಅದು ಬೇರೆ ರಾಸಾಯನಿಕ, ಬಾಯಿ ಸುಡುತ್ತದೆ. ರಂಜಕ ಬೆರೆತ ಟಾನಿಕ್‌ಗಳಿಂದ ಲೆಕ್ಕ ಮತ್ತೆ ಮೊದಲಿಗೇ ಬರುತ್ತದೆ.

ಒಳಗಿನ ದಾರಿ ಅಜ್ಜಿ ಕೇಳಿದ್ದು. ಓತಿ ನುಂಗುವುದು ಹುಳವನ್ನು ಮಾತ್ರವಲ್ಲ, ಅದರ ಹೊಟ್ಟೆಯಲ್ಲಿರುವ ಮೇವನ್ನೂ. ಅಂಗಡಿಯ ಹುಳ ಡಬ್ಬಿಯಲ್ಲಿ ಎಷ್ಟು ದಿನ ಉಪವಾಸವಿತ್ತೋ ಗೊತ್ತಿಲ್ಲ. ತಂದ ಮೇಲೆ ಒಂದೆರಡು ದಿನ ಅದಕ್ಕೆ ಊಟ ಹಾಕಿ ಆಮೇಲೆ ಓತಿಗೆ ಹಾಕಬೇಕು. ಗೋಧಿ ಬೂಸಾದಲ್ಲಿ ರಂಜಕ ತುಂಬ ಜಾಸ್ತಿ. ಅದಕ್ಕಿಂತ ನಮ್ಮ ರಾಗಿಹಿಟ್ಟು ವಾಸಿ: 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ರಂಜಕ ಅದಕ್ಕಿಂತ ಕಡಿಮೆ. ಆದರೂ ರಾಗಿಯೊಂದೇ ಸಾಲದು. ಹುಳದ ಪುಟ್ಟ ಹೊಟ್ಟೆ ಇಡೀ ಮೈಯ ಕೊರತೆ ತುಂಬಬೇಕಾದರೆ ಮೇವಿನ ತೂಕದಲ್ಲಿ ಶೇ. 8ರಷ್ಟಾದರೂ ಕ್ಯಾಲ್ಸಿಯಂ ಇರಬೇಕು. ಆದ್ದರಿಂದ ರಾಗಿಹಿಟ್ಟಿಗೆ ಐದರಲ್ಲೊಂದು ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿ, ಮೇಲೆ ನುಗ್ಗೆಸೊಪ್ಪು ಹಾಕಿ. ಜೊತೆಗೆ ಕ್ಯಾರೆಟ್, ಸಿಹಿಗುಂಬಳದ ಹೋಳು ಇಟ್ಟರೆ ನೀರೂ ಸಿಗುತ್ತದೆ, ಹುಳದಲ್ಲಿ ಕೊರತೆಯಿರುವ ಎ ವಿಟಮಿನ್ನಿನ ಮೂಲವಸ್ತುವೂ ಸಿಗುತ್ತದೆ. ರೇಷ್ಮೆಹುಳದ ಮುಂದೆ ಈ ಉಪಚಾರ ನಡೆಯುವುದಿಲ್ಲ. ಅದು ಹಿಪ್ಪುನೇರಳೆ ಬಿಟ್ಟು ಬೇರೆ ತಿನ್ನದು.

ಹಿತ್ತಲಿನ ಹುಳ ಬೇಡ

ಹಿತ್ತಲಿನಿಂದ ಹಿಡಿದ ಹುಳದಲ್ಲಿ ಕೀಟನಾಶಕವಿರಬಹುದು, ಪರೋಪಜೀವಿಗಳಿರಬಹುದು. ಎಲ್ಲಕ್ಕಿಂತ ಅಪಾಯ ಮಿಂಚುಹುಳದ್ದು. ಅಮೆರಿಕದಲ್ಲಿ ಒಂದೆರಡು ಮಿಂಚುಹುಳ ತಿಂದ ಬಿಯರ್ಡೆಡ್ ಡ್ರ್ಯಾಗನ್‌ಗಳು ಸತ್ತದ್ದು ದಾಖಲಾಗಿದೆ. ಅದರ ಮೈಯಲ್ಲಿ ಹೃದಯಕ್ಕೆ ತಾಗುವ ವಿಷವಿದೆ. ಮಿಂಚುಹುಳದ ಜೊತೆಗೇ ಬಾಳಿದ ನಾಡಿನ ಪ್ರಾಣಿಗಳು ಅದನ್ನು ಮುಟ್ಟದಿರಲು ಕಲಿತಿರುತ್ತವೆ, ಮರಳುಗಾಡಿನಿಂದ ಬಂದ ನೆಂಟನಿಗೆ ಆ ಪಾಠವಾಗಿಲ್ಲ. ಹಾಗೆಯೇ ಸಾಕಿದ ಹೊರದೇಶದ ಹುಳವನ್ನಾಗಲಿ ಓತಿಯನ್ನಾಗಲಿ ಬೇಡವೆಂದು ಬಯಲಿಗೆ ಬಿಡುವುದೂ ತಪ್ಪು.

ಎಷ್ಟು, ಯಾವಾಗ

ಹುಳದ ಗಾತ್ರ ಓತಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಬಾರದು. ಎಳೆಮರಿಗೆ ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷದಲ್ಲಿ ತಿನ್ನುವಷ್ಟು ಹುಳ. ಪಕ್ಕದಲ್ಲಿ ಸಣ್ಣಗೆ ಹೆಚ್ಚಿದ ಸೊಪ್ಪು. ಬೆಳೆದ ಓತಿಗೆ ವಾರಕ್ಕೆ ಎರಡು ಮೂರು ದಿನ ಹುಳ, ದಿನವೂ ಸೊಪ್ಪು: ನುಗ್ಗೆ, ಹಿಪ್ಪುನೇರಳೆ, ದಾಸವಾಳದ ಎಲೆ ಮತ್ತು ಹೂವು, ತುರಿದ ಕುಂಬಳ. ಪಾಲಕ್‌ನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಅದನ್ನು ದಿನವೂ ಕೊಡಬಾರದು. ಬೆಣ್ಣೆಹಣ್ಣು ಕೊಡಲೇಬಾರದು. ಕ್ರಿಕೆಟ್ ಅಥವಾ ಡುಬಿಯಾವನ್ನು ಆಧಾರವಾಗಿಟ್ಟು, ಸೋಲ್ಜರ್ ನೊಣದ ಮರಿ, ರೇಷ್ಮೆಹುಳವನ್ನು ಸರದಿಯಲ್ಲಿ ಸೇರಿಸಿ, ಕೊಬ್ಬಿನ ಹುಳವನ್ನು ಅಪರೂಪಕ್ಕಿಟ್ಟರೆ ಗೋಡೆಯ ಓತಿಕ್ಯಾತದ ಊಟದಲ್ಲಿರುವ ಬಗೆಯ ಒಂದಂಶವಾದರೂ ಪೆಟ್ಟಿಗೆಯೊಳಗೆ ಬರುತ್ತದೆ.

ಕಲ್ಪಿಸಿಕೊಂಡ ಮನೆಗೆ ಮರಳೋಣ. ಹುಡುಗ ಈಗ ಬುಟ್ಟಿಯಲ್ಲಿ ಸೊಪ್ಪು ಹಾಕಿ ಇಪ್ಪತ್ತು ರೇಷ್ಮೆಹುಳ ಸಾಕುತ್ತಿದ್ದಾನೆ. ತಲೆಯೆತ್ತಿ ಅಲುಗದೆ ನಿಂತ ಒಂದು ಹುಳವನ್ನು ಸುಲಭಕ್ಕೆ ಸಿಕ್ಕಿತೆಂದು ಎತ್ತಿಕೊಳ್ಳುತ್ತಾನೆ. ಅಜ್ಜಿ ತಡೆಯುತ್ತಾರೆ:

“ಅದನ್ನ ಬಿಡೋ. ಜ್ವರಕ್ಕೆ ಕೂತದೆ, ಸೊಪ್ಪು ಮುಟ್ಟಿಲ್ಲ. ಹೊಟ್ಟೇಲಿ ಏನೂ ಇಲ್ಲ. ನಾಳಿದ್ದು ಎದ್ದು ಸೊಪ್ಪು ತಿನ್ನಲಿ, ಆಮೇಲೆ ಹಾಕು.”