ಘಾರಾಪುರಿಯಲ್ಲೊಂದು ಸಂಜೆ

ಮುಂಬಯಿಯಲ್ಲಿ ಹತ್ತು ಹನ್ನೆರಡು ವರ್ಷ ದುಡಿದೂ ಘಾರಾಪುರಿಯನ್ನು ಕಾಣದವರು ನಮ್ಮವರಲ್ಲಿ ಬಹುಮಂದಿ ಇದ್ದಾರೆ. ವಾರದ ರಜೆಯೆಂಬುದು ಬಟ್ಟೆ ಒಗೆಯುವುದರಲ್ಲಿ, ಬಾಕಿ ನಿದ್ರೆಯನ್ನು ತೀರಿಸುವುದರಲ್ಲಿ ಮುಗಿದುಹೋಗುತ್ತದೆ. ಕಳೆದ ಮಾರ್ಗಶಿರದ ಒಂದು ಬುಧವಾರ ಹೋಟೆಲಿನ ಅಡಿಗೆಮನೆಯ ಮಿತ್ರರೊಬ್ಬರಿಗೆ ರಜೆಯಿತ್ತು. ಅವರಿಗಾಗಿ ನಾವು ಗುಮಾಸ್ತೆಗಳಿಬ್ಬರು ಅರ್ಧ ದಿನದ ರಜೆ ಹಾಕಿ, ಗೇಟ್‌ವೇಯಲ್ಲಿ ಮಧ್ಯಾಹ್ನದ ಲಾಂಚು ಹಿಡಿದೆವು. (ಸೋಮವಾರ ಗುಹೆಗಳು ಮುಚ್ಚಿರುತ್ತವೆ, ಅಂದು ರಜೆಯುಳ್ಳವರು ನೆನಪಿಡತಕ್ಕದ್ದು.)

ದಾರಿ ಸುಮಾರು 10 ಕಿಲೋಮೀಟರು, ಒಂದು ಗಂಟೆಯ ಪಯಣ. 2024ರ ಡಿಸೆಂಬರ್ 18ರಂದು ಇದೇ ಜಲಮಾರ್ಗದ ಪ್ರಯಾಣಿಕರ ದೋಣಿಗೆ ನೌಕಾದಳದ ವೇಗದ ದೋಣಿ ಬಡಿದು 15 ಮಂದಿ ಮಡಿದರು. ತೇಲುವ ಜಾಕೀಟನ್ನು ಬಿಗಿದುಕೊಳ್ಳುವಾಗ ಅದು ನೆನಪಾಗದೆ ಇರಲಿಲ್ಲ. ಆದರೆ ಕಡಲಹಕ್ಕಿಗಳು ಹಿಂದೆಯೇ ಹಾರಿ ಬರುತ್ತಿದ್ದಂತೆ ಮನಸ್ಸು ಹಗುರಾಯಿತು.

ಮೆಟ್ಟಿಲುಗಳನ್ನೇರಿ ದೊಡ್ಡ ಗುಹೆಯನ್ನು ಹೊಕ್ಕಾಗ ಪಶ್ಚಿಮದ ತೆರವಿನಿಂದ ಇಳಿಬಿಸಿಲು ಕಂಬಗಳ ನಡುವೆ ಹಾಸಿತ್ತು. ಆರನೆಯ ಶತಮಾನದ್ದೆಂದು ವಿದ್ವಾಂಸರು ಬಗೆಯುವ ಈ ಗುಹೆಯ ದಕ್ಷಿಣ ಗೋಡೆಯಲ್ಲಿ ಸುಮಾರು 20 ಅಡಿ ಎತ್ತರದ ಮೂರು ಮುಖದ ಸದಾಶಿವ. ಆ ಮುಚ್ಚಿದ ಕಣ್ಣುಗಳ ಮುಂದೆ ನಾವು ಮಾತಾಡಲಿಲ್ಲ. ಕನ್ನಡಿಗರಿಗೆ ಇಲ್ಲಿ ಇನ್ನೊಂದು ನೆನಪೂ ಉಂಟು. ಬಾದಾಮಿಯ ಎರಡನೆಯ ಪುಲಿಕೇಶಿಯು ಪಶ್ಚಿಮ ಸಮುದ್ರದ ಲಕ್ಷ್ಮಿಯಾಗಿದ್ದ ಪುರಿಯನ್ನು ನೂರಾರು ಹಡಗುಗಳಿಂದ ಮುತ್ತಿದನೆಂದು ರವಿಕೀರ್ತಿಯು 634ರ ಐಹೊಳೆಯ ಶಾಸನದಲ್ಲಿ ಬರೆದಿದ್ದಾನೆ. ಆ ಪುರಿ ಇದೇ ಎಂಬುದು ಕೆಲವು ವಿದ್ವಾಂಸರ ಮತ. ಒಪ್ಪದವರೂ ಇದ್ದಾರೆ. ನಾವಂತೂ ಆ ಸಂಜೆಯ ಮಟ್ಟಿಗೆ ಒಪ್ಪಿಬಿಟ್ಟೆವು!

ಯಾತ್ರಿಕರು ಬಹುಪಾಲು ಗುಹೆ ನೋಡಿ ಹಿಂದಿರುಗುತ್ತಾರೆ. ಆದರೆ ಶೇತಬಂದರ, ರಾಜಬಂದರ, ಮೋರಾಬಂದರವೆಂಬ ಮೂರು ಹಳ್ಳಿಗಳು ಇಲ್ಲಿವೆ. ಶೇತಬಂದರದ ಓಣಿಯಲ್ಲಿ ತಾಳೆಮರಗಳ ನೆರಳು, ಒಣಗಲಿಟ್ಟ ಬಲೆ, ಸಗಣಿ ಸಾರಿಸಿದ ಅಂಗಳ, ತುಲಸಿಕಟ್ಟೆ. ಮಿತ್ರರು ಸುಮ್ಮನೆ ನಿಂತುಬಿಟ್ಟರು. ಅವರದು ಕುಂದಾಪುರದ ಕಡೆಯ ಹೊಳೆಬದಿಯ ಊರು.

ಸೌತೆಕಾಯಿ ಮಾರುತ್ತಿದ್ದ ಅಜ್ಜಿಯೊಬ್ಬಳು ಮಿತ್ರರ ಮುರುಕು ಮರಾಠಿಯನ್ನು ಕೇಳಿ ನಕ್ಕು ಕುಳ್ಳಿರಿಸಿದಳು. ಮುಂಬಯಿಯ ದೀಪಗಳನ್ನು ಪ್ರತಿರಾತ್ರಿ ಕಣ್ಣೆದುರಿಗೇ ಕಾಣುತ್ತಿದ್ದ ಈ ಊರಿಗೆ ವಿದ್ಯುತ್ತು ಬಂದದ್ದು 2018ರಲ್ಲಿ, ಸಮುದ್ರದ ತಳದಲ್ಲಿ ಏಳೂವರೆ ಕಿಲೋಮೀಟರು ಎಳೆದ ತಂತಿಯಿಂದ. ಅದಕ್ಕೆ ಮೊದಲು ಜನರೇಟರಿನ ಕೆಲವು ತಾಸುಗಳ ಬೆಳಕೇ ಗತಿ. “ದೀಪ ಬಂದರೆ ಮಗ ಬರುತ್ತೇನೆ ಎಂದಿದ್ದ,” ಎಂದಳು ಅಜ್ಜಿ. ಮಗನೆಲ್ಲಿ? ಮುಂಬಯಿಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ಹಬ್ಬಕ್ಕೆ ಬರುತ್ತಾನೆ, ಕೆಲವೊಮ್ಮೆ ಹಬ್ಬಕ್ಕೂ ಇಲ್ಲ. ಒಂದು ಗಂಟೆಯ ನೀರಿನಾಚೆಯಿಂದ ಬರಲು ಅವನಿಗೇಕೆ ಆಗುವುದಿಲ್ಲವೆಂದು ಅವಳಿಗೆ ತಿಳಿಯದು. ನಮ್ಮ ಮಿತ್ರರಿಗೆ ತಿಳಿದಿತ್ತು, ಹೇಳಲಿಲ್ಲ. ಎರಡು ಸೌತೆಕಾಯಿಗೆ ಹತ್ತರಷ್ಟು ಹಣವಿತ್ತರು. ಅಜ್ಜಿ ಚಿಲ್ಲರೆಯನ್ನು ಎಣಿಸಿ ಹಿಂದಕ್ಕೆ ಕೊಟ್ಟಳು.

ಯಾತ್ರಿಕರು ರಾತ್ರಿ ಅಲ್ಲಿ ತಂಗುವಂತಿಲ್ಲ. ಕಡೆಯ ಲಾಂಚಿನ ಸೀಟಿಗೆ ಓಡಿದೆವು. ಕೋತಿಯೊಂದು ನಮ್ಮ ಸೌತೆಕಾಯಿಗಳಲ್ಲಿ ಒಂದನ್ನು ಸುಂಕವಾಗಿ ವಸೂಲು ಮಾಡಿತು.

ದೋಣಿ ದೂರ ಸಾಗಿದಂತೆ ನ್ಹಾವಾ ಶೇವಾ ಬಂದರಿನ ಕ್ರೇನುಗಳು ಕಪ್ಪಾದವು. ಗುಡ್ಡದ ಬುಡದಲ್ಲಿ ಒಂದೊಂದಾಗಿ ದೀಪಗಳು ಹೊತ್ತಿಕೊಂಡವು. ಮಿತ್ರರು ಜೇಬಿನಿಂದ ಫೋನು ತೆಗೆದು ಊರಿಗೆ ಕರೆ ಹಚ್ಚಿದರು. ಇಂಜಿನಿನ ಸದ್ದಿನಲ್ಲಿ ಅವರು ಏನು ಆಡಿದರೆಂಬುದು ನಮಗೆ ಕೇಳಿಸಲಿಲ್ಲ.